10ರಿಂದ 16 ವರ್ಷದ ಮಕ್ಕಳಿಗೆ ರಜೆಯ ಉಡುಗೊರೆಯಾಗಿ ಪುಸ್ತಕ ಆರಿಸುವುದು ಹೇಗೆ?

ಮಗುವಿಗೆ ಈಗ ಯಾವುದರ ಹುಚ್ಚು ಇದೆಯೋ ಅದಕ್ಕೆ ತಕ್ಕ ಪುಸ್ತಕ ಕೊಡಿ. ಫುಟ್‌ಬಾಲ್, ದೆವ್ವದ ಕಥೆ, ಬಾಹ್ಯಾಕಾಶ, ಏನೇ ಇರಲಿ. ‘ಇದನ್ನು ಓದಿದರೆ ಒಳ್ಳೆಯದು’ ಎಂದು ನಾವು ಆರಿಸಿದ ಪುಸ್ತಕ ಹೆಚ್ಚಾಗಿ ಕಪಾಟಿನಲ್ಲೇ ಉಳಿಯುತ್ತದೆ. ರಜೆಯ ಓದು ಪಾಠವಲ್ಲ, ಅಲ್ವಾ?

ವಯಸ್ಸಿನ ವಿಷಯದಲ್ಲಿ ಒಂದು ಗುಟ್ಟಿದೆ. ಮಕ್ಕಳಿಗೆ ತಮಗಿಂತ ಒಂದೆರಡು ವರ್ಷ ದೊಡ್ಡವರ ಕಥೆ ಜಾಸ್ತಿ ಇಷ್ಟ. ಮುಂದೆ ತಮ್ಮ ಬದುಕು ಹೇಗಿರಬಹುದು ಎಂದು ಇಣುಕಿ ನೋಡುವ ಆಸೆ ಅದು. ಹಾಗಾಗಿ 11 ವರ್ಷದವಳಿಗೆ 13ರ ನಾಯಕಿ ಹಿಡಿಸುತ್ತಾಳೆ. 9ರ ಹುಡುಗಿಯ ಕಥೆ ಕೊಟ್ಟರೆ ‘ನಾನೇನು ಚಿಕ್ಕ ಮಗುವಾ?’ ಎಂದು ಮುಖ ಸಿಂಡರಿಸಬಹುದು. ಆದರೆ ‘ಯಂಗ್ ಅಡಲ್ಟ್’ ಎಂದು ಬರೆದಿರುವ ಪುಸ್ತಕಗಳು ಸಾಮಾನ್ಯವಾಗಿ 12ರಿಂದ 18 ವರ್ಷದವರಿಗೆ. ಅವುಗಳಲ್ಲಿ ಪ್ರೇಮ, ಹಿಂಸೆ, ಸಾವು ಎಲ್ಲ ಬರಬಹುದು. ಕೊಡುವ ಮೊದಲು ನೀವೇ ಸ್ವಲ್ಪ ತಿರುವಿ ನೋಡಿ.

ಓದಲು ಬೇಸರಪಡುವವರಿಗೆ ಕಾಮಿಕ್ಸ್ ಕೊಡಿ, ಅದೂ ಓದೇ. ಸರಣಿಯಾದರೆ ಮೊದಲ ಭಾಗ ಮಾತ್ರ ಸಾಕು. ಹಿಡಿಸಿದರೆ ಮುಂದಿನದನ್ನು ಅವರೇ ಕೇಳುತ್ತಾರೆ. ಬಿಲ್ ಮಾತ್ರ ಜೋಪಾನವಾಗಿಡಿ, ಬದಲಾಯಿಸಿಕೊಳ್ಳಬೇಕಾಗಿ ಬರಬಹುದು.