ಒಂದು ‘ಓ’ ಜಾಸ್ತಿ ಆದದ್ದಕ್ಕೆ

ಬದಿಯಡ್ಕ ಕಡೆಯ ಓದುಗರೊಬ್ಬರ ಪತ್ರವನ್ನು ಸ್ವಲ್ಪ ಕಿರಿದು ಮಾಡಿ ಕೊಡುತ್ತಿದ್ದೇನೆ:

“ನಾನು ಹತ್ತನೆಯವರೆಗೆ ಓದಿದ್ದು ಕನ್ನಡ ಮೀಡಿಯಂ. ಈಗ ಕಾಸರಗೋಡು ಪೇಟೆಯ ಒಂದು ಆಫೀಸಿನಲ್ಲಿ ಕೆಲಸ. ಮೊನ್ನೆ ಒಬ್ಬ ಗಿರಾಕಿಗೆ ಇಂಗ್ಲಿಷಿನಲ್ಲಿ ಮೇಲ್ ಬರೆದೆ. ‘ನಿಮ್ಮ ಆರ್ಡರ್ ಕಳೆದುಕೊಳ್ಳಲು ನಮಗೆ ಮನಸ್ಸಿಲ್ಲ’ ಎನ್ನುವಲ್ಲಿ ‘ಲೂಸ್’ಗೆ ಎರಡು ಓ ಹಾಕಿಬಿಟ್ಟೆ. ಮೇಲಿನವರು ಅದನ್ನು ಎಲ್ಲರಿಗೂ ಸ್ಕ್ರೀನಿನಲ್ಲಿ ತೋರಿಸಿ, ‘ಆರ್ಡರ್ ಸಡಿಲ ಮಾಡ್ತೀರಾ?’ ಎಂದರು. ಎಲ್ಲರೂ ನಕ್ಕರು. ಕನ್ನಡ ಮೀಡಿಯಂನಲ್ಲಿ ಕಲಿತದ್ದಕ್ಕೇ ಹೀಗಾಗುವುದಾ? ಗೊಂದಲ ಮಾಡುವ ಶಬ್ದಗಳ ಪಟ್ಟಿ ಇದ್ದರೆ ಕೊಡಿ, ಬೈಹಾರ್ಟ್ ಮಾಡ್ತೇನೆ. ಮಗಳು ನಾಲ್ಕನೇ ಕ್ಲಾಸು. ಅವಳನ್ನಾದರೂ ಇಂಗ್ಲಿಷ್ ಮೀಡಿಯಂಗೆ ಹಾಕಬೇಕೋ ಅಂತ ಯೋಚನೆ. ಹೆಸರು ಹಾಕಬೇಡಿ.”

ಹೆಸರು ಹಾಕಿಲ್ಲ. ಪಟ್ಟಿಯನ್ನೂ ಕೊಡುವುದಿಲ್ಲ, ಬೇಜಾರು ಮಾಡಬೇಡಿ. ಯಾಕೆ ಅಂತ ಹೇಳುತ್ತೇನೆ.

ಮೊದಲು ಆ ಲೂಸ್‌ನ ವಿಷಯ. ಈ ತಪ್ಪು ಕನ್ನಡ ಮೀಡಿಯಂನವರ ಆಸ್ತಿಯಲ್ಲ. ಇಂಗ್ಲಿಷೇ ಮನೆಮಾತಾದವರು ದಿನಾ ಮಾಡುವ ತಪ್ಪು ಅದು. ಕಂಪ್ಯೂಟರ್ ಸಹ ಕೆಂಪು ಗೆರೆ ಎಳೆಯುವುದಿಲ್ಲ, ಯಾಕೆಂದರೆ ಎರಡೂ ಸರಿಯಾದ ಶಬ್ದಗಳೇ. ಆದರೆ ನಮ್ಮವರಿಗೆ ಅಲ್ಲಿ ಎಡವಲು ನಮ್ಮದೇ ಒಂದು ಕಾರಣವೂ ಉಂಟು. ‘ಸಡಿಲ’ ಎಂಬ ಅರ್ಥದ ಲೂಸ್ ಈಗ ಕನ್ನಡದ್ದೇ ಆಗಿಹೋಗಿದೆ. ಪ್ಯಾಂಟ್ ಲೂಸ್, ನಟ್ಟು ಲೂಸ್, ಅವನೊಬ್ಬ ಲೂಸ್. ಕಳೆದುಕೊಳ್ಳುವ ಲೂಸ್ ನಮ್ಮ ಬಾಯಿಗೆ ಬಂದೇ ಇಲ್ಲ. ಅಲ್ಲಿ ನಾವು ‘ಲಾಸ್ ಆಯ್ತು’ ಅನ್ನುತ್ತೇವೆ. ಹಾಗಾಗಿ ಬರೆಯುವಾಗ ಕೈ ಪರಿಚಯದ ಲೂಸ್ ಕಡೆಗೇ ಹೋಗುತ್ತದೆ. ಹೀಗೆ ನೆನಪಿಡಿ: ಲೂಸ್ ಪ್ಯಾಂಟಿನಲ್ಲಿ ಜಾಗ ಜಾಸ್ತಿ, ಎರಡು ಓ ಹಿಡಿಯುತ್ತದೆ. ಕಳೆದುಕೊಳ್ಳುವಲ್ಲಿ ಒಂದು ಓ ಕಳೆದೇ ಹೋಗಿದೆ. ಬಾಕಿ ಉಳಿದದ್ದು ಒಂದೇ.

(ಕಾಗುಣಿತ ಹೇಳುವಲ್ಲೆಲ್ಲ ಇಂಗ್ಲಿಷ್ ಅಕ್ಷರಗಳನ್ನು ಶಾಲೆಯಲ್ಲಿ ಹೇಳುವ ಹಾಗೆ ಎ, ಇ, ಐ, ಓ ಎಂದೇ ಬರೆಯುತ್ತಿದ್ದೇನೆ. ಕನ್ನಡದ ಎ, ಇ ಅಂತ ಓದಬೇಡಿ.)

ಇನ್ನೊಂದು ಸಂಗತಿ ಕಿವಿಯದ್ದು. ಕಳೆದುಕೊಳ್ಳುವ ಲೂಸ್‌ನ ಕೊನೆಯಲ್ಲಿ ಇರುವುದು ‘ಸ್’ ಅಲ್ಲ, ಝಡ್ ಅಕ್ಷರದ ಸದ್ದು. ಉಪ್ಪಳದಲ್ಲಿ ಉರ್ದು ಮಾತಾಡುವವರು ‘ಜಿಂದಗಿ’ ಅನ್ನುವಾಗ ಮೊದಲಿಗೆ ಒಂದು ಗುಂಯ್‌ಗುಟ್ಟುವ ಸದ್ದು ಬರುತ್ತದಲ್ಲ, ಅದು. ಕನ್ನಡ, ತುಳು, ಮಲಯಾಳದ ಬಾಯಿಗೆ ಅದು ಅಷ್ಟಾಗಿ ಅಭ್ಯಾಸವಿಲ್ಲ. ನಾವು ಎರಡನ್ನೂ ‘ಲೂಸ್’ ಅಂತಲೇ ಹೇಳುತ್ತೇವೆ. ಬಾಯಿ ಒಂದು ಮಾಡಿದ್ದನ್ನು ಪೆನ್ನು ಎರಡು ಮಾಡುವುದು ಕಷ್ಟ ಅಲ್ವಾ? ಈ ಸದ್ದು ಒಮ್ಮೆ ಹಿಡಿದರೆ ‘ಅಡ್ವೈಸ್’ ಸಹ ಸಸಾರ. ಹೆಸರುಪದಕ್ಕೆ ‘ಸ್’ ಸದ್ದು, ಬರೆಯುವುದು ಸಿ. ಸಲಹೆ ಕೊಡುವ ಕ್ರಿಯೆಗೆ ಗುಂಯ್ ಸದ್ದು, ಬರೆಯುವುದು ಎಸ್. ‘ಯೂಸ್’ ಕೂಡ ಹಾಗೇ. ಬರೆಯುವುದು ಒಂದೇ ಥರ, ಆದರೆ ‘ಏನು ಯೂಸ್?’ ಅನ್ನುವಾಗ ‘ಸ್’, ಉಪಯೋಗಿಸುವಾಗ ಗುಂಯ್. ಇಂಗ್ಲಿಷಿನಲ್ಲಿ ಇದೊಂದು ಹಳೆಯ ಅಭ್ಯಾಸ. ಹೆಸರುಪದ ಗಟ್ಟಿ, ಕ್ರಿಯಾಪದ ಮೆತ್ತಗೆ. ‘ಪ್ರೂಫ್’ ಮತ್ತು ‘ಪ್ರೂವ್’ ಜೋಡಿಯನ್ನು ಹೇಳಿ ನೋಡಿ, ನಿಮಗೇ ಗೊತ್ತಾಗುತ್ತದೆ.

‘ಲೈಸೆನ್ಸ್’ನಲ್ಲಿ ಮಾತ್ರ ಕಿವಿ ಉಪಯೋಗಕ್ಕೆ ಬರುವುದಿಲ್ಲ, ಎರಡೂ ಒಂದೇ ಸದ್ದು. ನಮ್ಮಲ್ಲಿ ನಡೆಯುವುದು ಬ್ರಿಟಿಷ್ ಕಾಗುಣಿತ. ಕಿಸೆಯಲ್ಲಿರುವ ಡ್ರೈವಿಂಗ್ ಲೈಸೆನ್ಸಿಗೆ ಸಿ, ಅದನ್ನು ಕೊಡುವ ಕ್ರಿಯೆಗೆ ಎಸ್. ನಮ್ಮ 1988ರ ಮೋಟಾರು ವಾಹನ ಕಾಯ್ದೆಯಲ್ಲೂ ಹಾಗೇ ಇದೆ. ಅಮೆರಿಕದವರು ಎರಡಕ್ಕೂ ಎಸ್ ಹಾಕಿ ಆರಾಮಾಗಿದ್ದಾರೆ.

ಈಗ ನಿಮ್ಮ ದೊಡ್ಡ ಪ್ರಶ್ನೆಗೆ ಬರುತ್ತೇನೆ. ಕನ್ನಡದಿಂದ ಹೀಗಾಯಿತಾ?

ನಾನು ಪುತ್ತೂರು ಕಡೆಯವನು. ಕಾಸರಗೋಡಿಗೆ ಬಂದ ಹೊಸತರಲ್ಲಿ ಒಂದು ದಿನ ಜ್ವರ. ಬಾಗಿಲಲ್ಲಿ ಕಂಡ ಪಕ್ಕದ ಅಂಗಡಿಯವರಿಗೆ, ಗೊತ್ತಿದ್ದ ನಾಲ್ಕು ಮಲಯಾಳ ಶಬ್ದ ಸೇರಿಸಿ, ‘ಎನಿಕ್ಕ್ ಪಣಿಯಾಣ್’ ಎಂದೆ. ಅವರು ‘ನಡಕ್ಕಟ್ಟೆ, ನಡಕ್ಕಟ್ಟೆ’ ಎಂದು ನಗುತ್ತಾ ಹೋಗಿಬಿಟ್ಟರು. ಹೀಗೂ ಒಂದು ಜನವಾ ಅಂತ ನನಗೆ ಸಿಟ್ಟು. ಜ್ವರಕ್ಕೆ ‘ಪನಿ’ ಅನ್ನಬೇಕು, ‘ಪಣಿ’ ಅಂದರೆ ಕೆಲಸ ಅಂತ ಗೊತ್ತಾದದ್ದು ಆಮೇಲೆ. ‘ನನಗೆ ಕೆಲಸ ಉಂಟು’ ಎಂದವನಿಗೆ ಅವರು ‘ನಡೆಯಲಿ’ ಅನ್ನದೆ ಮತ್ತೇನು ಹೇಳಬೇಕು? ತುಳುವಿಗೆ ಹೋದರೆ ಅದೇ ‘ಪನಿ’ ತುಂತುರು ಮಳೆ. ನಮ್ಮದೇ ಕನ್ನಡದಲ್ಲಿ ಬೆಲೆ ಮತ್ತು ಬೆಳೆ ಇಲ್ಲವಾ? ಅಡಿಕೆಯವರಿಗೆ ಯಾವುದು ಬಿದ್ದರೂ ಕಷ್ಟವೇ, ಆದರೆ ಎರಡೂ ಒಂದಲ್ಲ. ಇಷ್ಟು ಭಾಷೆಗಳ ನಡುವೆ ಬದುಕುವ ನಿಮಗೆ ಒಂದಕ್ಷರದ ವ್ಯತ್ಯಾಸ ಹೊಸತಲ್ಲ. ಪನಿ ಪಣಿ ನೀವು ಯಾವತ್ತೂ ತಪ್ಪುವುದಿಲ್ಲ ಅಂತ ಪಂಥ ಕಟ್ಟಬಲ್ಲೆ. ಅದನ್ನು ನೀವು ಪಟ್ಟಿ ಮಾಡಿ ಕಲಿಯಲಿಲ್ಲ.

ಕನ್ನಡದಿಂದ ಬರುವ ಗೊಂದಲ ಇಲ್ಲವೆಂದಲ್ಲ, ಉಂಟು. ಆದರೆ ಅದು ಕಾಗುಣಿತದ್ದಲ್ಲ. ನಮ್ಮಲ್ಲಿ ಒಂದು ಶಬ್ದ ಇರುವಲ್ಲಿ ಅವರಲ್ಲಿ ಎರಡು ಮೂರು ಇರುತ್ತವೆ, ಅಲ್ಲಿ ಎಡವುತ್ತೇವೆ. ‘ಕಡ’ ತೆಗೆದುಕೊಳ್ಳಿ. ಕಡ ತರುವುದೂ ಕಡವೇ, ಕಡ ಕೊಡುವುದೂ ಕಡವೇ. ಮಲಯಾಳದಲ್ಲೂ ‘ಕಡಂ’ ಒಂದೇ. ಇಂಗ್ಲಿಷಿನಲ್ಲಿ ತರುವುದು ‘ಬಾರೋ’, ಕೊಡುವುದು ‘ಲೆಂಡ್’. ನಮ್ಮ ಹುಡುಗರು ‘ಬಾರೋ ಮೀ ಯುವರ್ ಪೆನ್’ ಅನ್ನುವುದು ಹೀಗೆ. ಇದಕ್ಕೆ ಕನ್ನಡದಲ್ಲೇ ಮದ್ದು ಉಂಟು: ‘ಬಾರೋ’ ಅಂತ ಕರೆದರೆ ನಮ್ಮ ಹತ್ತಿರ ಬರುತ್ತದೆ. ಬ್ಯಾಂಕ್ ಲೆಂಡ್ ಮಾಡುತ್ತದೆ, ನಾವು ಬಾರೋ ಬಾರೋ ಅಂತ ಕರೆದು ತರುತ್ತೇವೆ. ಕಟ್ಟುವಾಗಿನ ಕಷ್ಟ ಬೇರೆ.

‘ಹೇಳು’ ಇನ್ನೊಂದು. ‘ಸೇ’ಗೂ ಅದೇ, ‘ಟೆಲ್’ಗೂ ಅದೇ. ‘ಹೀ ಸೆಡ್ ಮೀ’ ಎಂದು ಬರೆದ ಅರ್ಜಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ವಾಕ್ಯವನ್ನು ಕನ್ನಡದಲ್ಲಿ ಹೇಳಿಕೊಳ್ಳಿ. ‘ಯಾರಿಗೆ’ ಅನ್ನುವುದು ಅದರಲ್ಲಿ ಇದ್ದರೆ ಟೆಲ್: ‘ನನಗೆ ಹೇಳಿದರು’, ‘ಟೋಲ್ಡ್ ಮೀ’. ಇಲ್ಲದಿದ್ದರೆ ಸೇ: ‘ಬರುತ್ತೇನೆ ಎಂದರು’, ‘ಸೆಡ್’. ಇಲ್ಲಿ ನಮ್ಮ ‘ಗೆ’ ಪ್ರತ್ಯಯವೇ ದಾರಿ ತೋರಿಸುತ್ತದೆ. ಸೆಡ್ ಜೊತೆಗೂ ‘ಯಾರಿಗೆ’ ಹೇಳಲೇಬೇಕಾದರೆ ನಡುವೆ ಒಂದು ‘ಟು’ ಬೇಕು.

ಇನ್ನು ‘ಕೇಳು’. ಈ ಶಬ್ದಕ್ಕೆ ಒಂದು ಪುಟ ಕೊಟ್ಟರೂ ಸಾಲದು. ಪ್ರಶ್ನೆ ಕೇಳುವುದು, ಹಾಡು ಕೇಳುವುದು, ಮಾತು ಕೇಳುವುದು, ಎಲ್ಲಕ್ಕೂ ಒಂದೇ. ಇಂಗ್ಲಿಷಿನಲ್ಲಿ ಆಸ್ಕ್, ಲಿಸನ್, ಹಿಯರ್. ಹಿಯರ್ ಅಂದರೆ ತಾನಾಗಿ ಕಿವಿಗೆ ಬಿದ್ದದ್ದು. ನಮ್ಮಲ್ಲಿ ಅದಕ್ಕೆ ‘ಕೇಳಿಸಿತು’ ಉಂಟಲ್ಲ! ಗುಡುಗು ಕೇಳಿಸಿತು, ಹಿಯರ್. ಕಿವಿಗೊಟ್ಟು ರೇಡಿಯೋ ಕೇಳಿದೆ, ಲಿಸನ್. ನೋಟದ್ದೂ ಹಾಗೆಯೇ. ‘ಕಂಡಿತು’ ಸೀ, ‘ನೋಡಿದೆ’ ಲುಕ್. ಮಲಯಾಳದವರ ‘ಕಾಣುಕ’, ‘ನೋಕ್ಕುಕ’ ಸಹ ಹೆಚ್ಚುಕಡಿಮೆ ಇದೇ ಲೆಕ್ಕ. ಆದರೆ ಸಿನಿಮಾ ಬಂದಲ್ಲಿ ಲೆಕ್ಕ ತಪ್ಪುತ್ತದೆ. ಅವರು ಸಿನಿಮಾ ‘ಕಾಣುತ್ತಾರೆ’, ನಾವು ‘ನೋಡುತ್ತೇವೆ’. ಇಂಗ್ಲಿಷಿನವರು ಥಿಯೇಟರಿನಲ್ಲಾದರೆ ಸೀ ಎನ್ನುತ್ತಾರೆ, ಮನೆಯ ಟಿವಿಗೆ ವಾಚ್ ಎನ್ನುತ್ತಾರೆ. ಇದಕ್ಕೆಲ್ಲ ಕಾರಣ ಕೇಳಬಾರದು.

ನಮ್ಮ ಈ ಕರಾವಳಿಯಲ್ಲಿ ಈ ಕೆಲಸವನ್ನು ಕೂತು ಮಾಡಿದವರಿದ್ದಾರೆ. ಗುಂಡರ್ಟ್ ಅವರ ಮಲಯಾಳ-ಇಂಗ್ಲಿಷ್ ನಿಘಂಟು 1872ರದ್ದು, ಮ್ಯಾನರ್ ಅವರ ತುಳು-ಇಂಗ್ಲಿಷ್ ನಿಘಂಟು 1886ರದ್ದು, ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರದ್ದು. ಮೂರೂ ಮಂಗಳೂರಿನ ಬಾಸೆಲ್ ಮಿಶನ್‌ನಿಂದ ಹೊರಬಂದವು. ಒಂದು ನಮ್ಮ ಶಬ್ದದ ಎದುರು ಎಷ್ಟು ಇಂಗ್ಲಿಷ್ ಶಬ್ದ ಇಡಬೇಕು ಎಂಬ ನಿಮ್ಮ ಕಷ್ಟವೇ ಅವರದ್ದೂ. ಗುಂಡರ್ಟ್, ಕಿಟ್ಟೆಲ್ ಇಬ್ಬರೂ ಜರ್ಮನಿಯವರು. ಇಂಗ್ಲಿಷ್ ಅವರಿಗೂ ಕಲಿತ ಭಾಷೆಯೇ.

‘ಎಫೆಕ್ಟ್’ ಬಗ್ಗೆ ಹೇಳದೆ ಬಿಟ್ಟರೆ ಆಗುವುದಿಲ್ಲ. ಆಫೀಸಿನಲ್ಲಿ ನಿಮಗೆ ದಿನಾ ಬರುವ ಶಬ್ದ. ಹೆಚ್ಚಾಗಿ ಎಫೆಕ್ಟ್ ಹೆಸರುಪದ, ಅಫೆಕ್ಟ್ ಕ್ರಿಯಾಪದ. ನಾವು ಮಾತಾಡುವಾಗ ‘ಮಳೆಯಿಂದ ಅಡಿಕೆಗೆ ಎಫೆಕ್ಟ್ ಆಯಿತು’ ಅನ್ನುತ್ತೇವೆ. ಕನ್ನಡದಲ್ಲಿ ಅದು ಸರಿಯೇ, ‘ಆಯಿತು’ ಬೇರೆ ಇದೆಯಲ್ಲ. ಇಂಗ್ಲಿಷಿಗೆ ಹೋಗುವಾಗ ‘ಆಯಿತು’ ಬಿದ್ದುಹೋಗುತ್ತದೆ, ಎಫೆಕ್ಟ್ ಉಳಿದುಬಿಡುತ್ತದೆ. ಅಲ್ಲಿ ತಪ್ಪುತ್ತದೆ. ‘ತಟ್ಟಿತು’ ಅಂತ ಹಾಕಿ ನೋಡಿ. ಮಳೆ ಬೆಳೆಗೆ ತಟ್ಟಿತು, ಅಫೆಕ್ಟ್. ಕೊಳೆರೋಗ ಬಂತಲ್ಲ, ಅದು ಮಳೆಯ ಎಫೆಕ್ಟ್. ಎಫೆಕ್ಟ್ ಕ್ರಿಯಾಪದವಾಗಿಯೂ ಬರುತ್ತದೆ, ‘ಜಾರಿಗೆ ತರು’ ಎಂಬ ಅರ್ಥದಲ್ಲಿ. ಸದ್ಯ ಅದರ ಸುದ್ದಿಗೆ ಹೋಗಬೇಡಿ.

ಉಳಿದದ್ದು ಬರೀ ಕಣ್ಣಿನ ಕೆಲಸ. ಇಂಗ್ಲೆಂಡಿನಲ್ಲಿ ಕ್ಯಾಕ್ಸ್ಟನ್ 1476ರಲ್ಲಿ ಅಚ್ಚುಕೂಟ ಇಟ್ಟ. ಅಚ್ಚಿನಲ್ಲಿ ಕಾಗುಣಿತ ನಿಧಾನಕ್ಕೆ ಗಟ್ಟಿಯಾಗುತ್ತಾ ಬಂತು, ಜನರ ಬಾಯಿ ಮಾತ್ರ ಬದಲಾಗುತ್ತಲೇ ಹೋಯಿತು. ಹಾಗಾಗಿ ಬರೆದ ಹಾಗೆ ಓದುವ ಭಾಗ್ಯ ಅವರಿಗಿಲ್ಲ. ‘ಪ್ರಿನ್ಸಿಪಲ್’ ಎರಡು ಉಂಟು. ಕೊನೆಗೆ ಎ ಎಲ್ ಇದ್ದರೆ ಮುಖ್ಯವಾದದ್ದು: ಕಾಲೇಜಿನ ಪ್ರಿನ್ಸಿಪಾಲರೂ ಅದೇ, ಸಾಲದ ಅಸಲೂ ಅದೇ. ಎಲ್ ಇ ಇದ್ದರೆ ತತ್ವ. ‘ಸ್ಟೇಷನರಿ’ಯೂ ಎರಡು. ಕಾಗದ, ಪೆನ್ನು ಮಾರುವುದಕ್ಕೆ ಇ, ಅಲುಗಾಡದೆ ನಿಂತದ್ದಕ್ಕೆ ಎ. ತಮಾಷೆ ಏನೆಂದರೆ ಎರಡರ ಬೇರೂ ಒಂದೇ. ಹಿಂದೆ ಯುರೋಪಿನಲ್ಲಿ ತಲೆಹೊರೆಯಲ್ಲಿ ಸಾಮಾನು ಮಾರುತ್ತಾ ತಿರುಗುವವರ ನಡುವೆ, ಒಂದು ಕಡೆ ಅಂಗಡಿ ಹಾಕಿ ಪುಸ್ತಕ ಮಾರುತ್ತಿದ್ದವನನ್ನು ಸ್ಟೇಷನರ್ ಎಂದು ಕರೆದರು. ನಿಂತಲ್ಲೇ ನಿಂತವನು. ಹಾಗಾಗಿ ನಮ್ಮ ಪೇಟೆಯ ಬೋರ್ಡುಗಳಲ್ಲಿ ಇ ಬದಲು ಎ ಕಂಡರೆ ನಾನು ನಗುವುದಿಲ್ಲ. ‘ಫರ್ನಿಚರ್ಸ್’ ಕಂಡರೆ ಮಾತ್ರ ಕೈ ತುರಿಸುತ್ತದೆ. ಫರ್ನಿಚರ್, ಅಡ್ವೈಸ್, ಇನ್ಫಾರ್ಮೇಶನ್, ಈ ಮೂರಕ್ಕೆ ಬಹುವಚನ ಇಲ್ಲ. ಕನ್ನಡದಲ್ಲಿ ‘ಸಲಹೆಗಳು’ ಆಗುತ್ತದೆ ಎಂದು ಅಲ್ಲಿಗೂ ಎಸ್ ಅಂಟಿಸಬಾರದು.

ನಗದೇ ಇರುವುದಕ್ಕೆ ಇನ್ನೊಂದು ಕಾರಣವೂ ಇದೆ. ಈ ಪತ್ರಿಕೆ ಶುರುವಾದಾಗ ಗೌರವ ಪ್ರತಿಗಳಿಗೆ ಒತ್ತಲು ನಾನೇ ಒಂದು ರಬ್ಬರ್ ಸೀಲ್ ಮಾಡಿಸಿದೆ, ‘ಕಾಂಪ್ಲಿಮೆಂಟರಿ ಕಾಪಿ’ ಅಂತ. ನಡುವೆ ಐ ಇರಬೇಕಾದಲ್ಲಿ ಇ ಬರೆದುಕೊಟ್ಟಿದ್ದೆ. ಐ ಇದ್ದರೆ ಮೆಚ್ಚುಗೆ, ಗೌರವ, ಬಿಟ್ಟಿ. ಇ ಇದ್ದರೆ ಪೂರಕ, ಇನ್ನೊಂದನ್ನು ಪೂರ್ತಿ ಮಾಡುವಂಥದ್ದು. ಒಂದು ವರ್ಷ ಊರಿಗೆಲ್ಲ ‘ಪೂರಕ ಪ್ರತಿ’ ಹಂಚಿದೆ. ಕೊನೆಗೆ ಒಬ್ಬರು ನಿವೃತ್ತ ಮಾಸ್ತರರು ಒಂದು ಪ್ರತಿ ಹಿಡಿದುಕೊಂಡು ಬಂದು, ಕೂತು, ಚಾ ಕುಡಿದು, ಹೊರಡುವಾಗ ಮೆಲ್ಲಗೆ ಬೆರಳಿಟ್ಟು ತೋರಿಸಿದರು. ಬೇರೆಯವರ ಎದುರು ಹೇಳಲಿಲ್ಲ. ನಿಮ್ಮ ಮೇಲಿನವರಿಗೂ ಹಾಗೆ ಮಾಡಬಹುದಿತ್ತು.

ಮಗಳ ಶಾಲೆ ನಿಮ್ಮ ಮನೆಯ ವಿಷಯ, ನಾನು ಹೇಳುವಂಥದ್ದಲ್ಲ. ದೂರ, ಫೀಸು, ಟೀಚರುಗಳು, ಇದನ್ನೆಲ್ಲ ನೋಡಿ ತೀರ್ಮಾನ ಮಾಡಿ. ಒಂದು ಓ ಜಾಸ್ತಿ ಆದದ್ದಕ್ಕೆ ಮಾಡಬೇಡಿ. ಪಟ್ಟಿ ಬೇಕೇ ಬೇಕಾದರೆ ನಿಮ್ಮದೇ ಮಾಡಿ: ನೀವು ನಿಜವಾಗಿ ತಪ್ಪಿದ ಶಬ್ದಗಳು ಮಾತ್ರ, ಪಕ್ಕದಲ್ಲಿ ನಿಮ್ಮ ಕನ್ನಡದ ವಾಕ್ಯ. ಮೇಜಿನ ಖಾನೆಯಲ್ಲಿ ಒಂದು ಸಣ್ಣ ಪುಸ್ತಕ ಸಾಕು.

ಈ ತಿಂಗಳ ಒಂದು ಗೌರವ ಪ್ರತಿ ನಿಮಗೆ ಕಳಿಸುತ್ತಿದ್ದೇನೆ. ಸೀಲ್ ಹಳೆಯದೇ, ಹೊಸತು ಮಾಡಿಸಿಲ್ಲ. ಇ ಇದ್ದಲ್ಲಿ ಪೆನ್ನಿನಿಂದ ಐ ಮಾಡಿರುತ್ತೇನೆ.

— ಸಂ.