ಪ್ರ: ಯೂಟ್ಯೂಬಿನ 'ಕಾರ್ನಿವಲ್ ಆಫ್ ಲೈಟ್' ಅಸಲಿಯೇ?

ಅಲ್ಲ. 'ಕಾರ್ನಿವಲ್ ಆಫ್ ಲೈಟ್' ಎಂಬುದು ಬೀಟಲ್ಸ್ ಬ್ಯಾಂಡಿನ, ಇನ್ನೂ ಬಿಡುಗಡೆಯಾಗದ ಧ್ವನಿಮುದ್ರಣ. ನಿಮಗೆ ಸಿಕ್ಕಿರುವುದು ಏಳು ನಿಮಿಷದ್ದು ಅಂತೀರಿ. 1967ರ ಜನವರಿ 5ರಂದು ಲಂಡನ್ನಿನ ಅಬೆ ರೋಡ್ ಸ್ಟುಡಿಯೋದಲ್ಲಿ ಬೀಟಲ್ಸ್ ಧ್ವನಿಮುದ್ರಿಸಿದ್ದು 13 ನಿಮಿಷ 48 ಸೆಕೆಂಡಿನದು. ಮೂಲ ಟೇಪಿಗೆ ನಾಲ್ಕು ಟ್ರ್ಯಾಕು (ಬೇರೆ ಬೇರೆಯಾಗಿ ಮುದ್ರಿಸಿದ ಧ್ವನಿಪದರ): ಒಂದರಲ್ಲಿ ಡ್ರಮ್ಮು, ಆರ್ಗನ್, ಎರಡರಲ್ಲಿ ಒಡೆದ ದನಿಯ ಗಿಟಾರು, ಮೂರರಲ್ಲಿ ಚರ್ಚಿನ ಆರ್ಗನ್, ಬಾಯಿ ಮುಕ್ಕಳಿಸುವ ಸದ್ದು, ಮಾತು, ನಾಲ್ಕರಲ್ಲಿ ವಿಪರೀತ ಟೇಪ್ ಎಕೋ, ಟ್ಯಾಂಬುರಿನ್. ಈ ವಿವರ ಎಂದೋ ಅಚ್ಚಾಗಿದೆ, ನಕಲಿ ಮಾಡುವವರು ಅದನ್ನೇ ಓದಿ ಹೆಣೆಯುತ್ತಾರೆ. ಆದ್ದರಿಂದ ಮುಕ್ಕಳಿಸುವ ಸದ್ದು ಕೇಳಿಸಿದ ಮಾತ್ರಕ್ಕೆ ಅಸಲಿಯೆಂದು ದಯವಿಟ್ಟು ನಂಬಬೇಡಿ. ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ತೆರೆದು ನೋಡಿ: ಒಂದೇ ಆಕಾರದ ಅಲೆ ಮತ್ತೆ ಮತ್ತೆ ಬಂದರೆ ಅದು ಕತ್ತರಿಸಿ ಅಂಟಿಸಿದ ತುಣುಕು. ಅಸಲಿಯನ್ನು 1996ರ 'ಆಂಥಾಲಜಿ 2' ಆಲ್ಬಮ್ಮಿಗೆ ಸೇರಿಸಲು ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಬಯಸಿದ್ದರು, ಅದೇ ಬ್ಯಾಂಡಿನ ಜಾರ್ಜ್ ಹ್ಯಾರಿಸನ್ ಒಪ್ಪಲಿಲ್ಲ.