ಬೇಯಿಸದ ಆಹಾರದ ಪಥ್ಯದಲ್ಲಿರುವವರು ಮದುವೆಮನೆಯಲ್ಲಿ, ಹೋಟೆಲಿನಲ್ಲಿ ಏನು ತಿನ್ನಬಹುದು, ಹೇಗೆ ಕೇಳಬೇಕು?

ನಿಮ್ಮ ಪ್ರಶ್ನೆ ಇಷ್ಟು: ಎರಡು ತಿಂಗಳಿಂದ ಬೇಯಿಸದ್ದನ್ನೇ ತಿನ್ನುತ್ತಿದ್ದೀರಿ. ಬದಿಯಡ್ಕದ ಹತ್ತಿರ ದೊಡ್ಡಪ್ಪನ ಮಗಳ ಮದುವೆ ಇದೆ, ಅದಾದ ವಾರಕ್ಕೆ ಇನ್ನೊಂದು ಕಡೆ ಮನೆಒಕ್ಕಲು. ಕಾಸರಗೋಡು ಪೇಟೆಯಲ್ಲಿ ಸಹೋದ್ಯೋಗಿಗಳ ಜೊತೆ ಆಗಾಗ ಹೋಟೆಲಿಗೂ ಹೋಗಬೇಕು. ಯಾರ ಮನಸ್ಸೂ ನೋಯಬಾರದು, ನೀವೂ ಹಸಿದು ಬರಬಾರದು.

ನಿಮಗಾಗಿ ಬೇರೆ ಅಡಿಗೆ ಮಾಡಿಸಬೇಡಿ. ಮಾಡುತ್ತಿರುವ ಅಡಿಗೆಯಲ್ಲೇ ನಿಮ್ಮ ಪಾಲನ್ನು ಒಲೆಗೆ ಹೋಗುವ ಮೊದಲು ತೆಗೆದಿಡಿಸಿ. ಉಳಿದದ್ದೆಲ್ಲ ಇದರ ವಿವರ ಅಷ್ಟೆ. ನಮ್ಮ ಕಡೆಯ ಜೆಂಬ್ರದ, ಅಂದರೆ ಸಮಾರಂಭದ, ಅಡಿಗೆಮನೆಗೆ ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ನೋಡಿ: ತುರಿದ ತೆಂಗಿನಕಾಯಿಯ ರಾಶಿ, ಹೆಚ್ಚಿದ ಮುಳ್ಳುಸೌತೆ, ನೆನೆಹಾಕಿದ ಹೆಸರುಬೇಳೆ, ಮೆಣಸ್ಕಾಯಿ ಎಂಬ ಸಿಹಿ–ಖಾರದ ಮೇಲೋಗರಕ್ಕೆಂದು ಸಿಪ್ಪೆ ತೆಗೆದ ಅನನಾಸು, ಮೂಲೆಯಲ್ಲಿ ಬಾಳೆಗೊನೆ, ಹೊರಗೆ ಸೀಯಾಳದ ರಾಶಿ. ನಿಮ್ಮ ಊಟ ಆಗಲೇ ಅಲ್ಲಿದೆ. ಹನ್ನೊಂದು ಗಂಟೆಯ ಹೊತ್ತಿಗೆ ಅದರಲ್ಲಿ ಹೆಚ್ಚಿನದು ಬೆಂಕಿ ಕಂಡಿರುತ್ತದೆ.

ಕೋಸಂಬರಿಯನ್ನೇ ತೆಗೆದುಕೊಳ್ಳಿ. ಹೆಸರುಬೇಳೆ ಒಂದರಿಂದ ಒಂದೂವರೆ ಗಂಟೆ ನೆನೆದರೆ ಉಗುರಿನಲ್ಲಿ ಒತ್ತಿದಾಗ ಎರಡಾಗುತ್ತದೆ, ತಿನ್ನಲು ಅಷ್ಟು ಸಾಕು. ಅದಕ್ಕೆ ಮುಳ್ಳುಸೌತೆ, ಕಾಯಿತುರಿ, ಶುಂಠಿ, ಕೊತ್ತಂಬರಿ ಸೊಪ್ಪು ಬೀಳುತ್ತದೆ. ಬೆಂಕಿ ತಾಗುವುದು ಕೊನೆಯ ಒಗ್ಗರಣೆಯಲ್ಲಿ ಮಾತ್ರ. ಹಾಗಾಗಿ ಅಡಿಗೆಯ ಭಟ್ರಲ್ಲಿ ಕೇಳಬೇಕಾದ್ದು ಒಂದೇ ಮಾತು: ‘ಭಟ್ರೇ, ಉಪ್ಪು, ಒಗ್ಗರಣೆ ಹಾಕುವ ಮೊದಲು ನನಗೆ ಎರಡು ಸೌಟು ಬೇರೆ ತೆಗೆದಿಡಿ.’ ಉಪ್ಪನ್ನೂ ಬಿಡಿಸುವುದಕ್ಕೆ ಕಾರಣವಿದೆ. ಉಪ್ಪು ಬಿದ್ದ ಅರ್ಧ ಗಂಟೆಯಲ್ಲಿ ಮುಳ್ಳುಸೌತೆ ನೀರು ಬಿಡುತ್ತದೆ, ಬೇಳೆ ಆ ನೀರಿನಲ್ಲಿ ತೇಲಿ ಬೇಗ ಹಳಸುತ್ತದೆ. ಉಪ್ಪು, ಲಿಂಬೆ ನಿಮ್ಮ ಎಲೆಯ ಮೇಲೆ ಇದ್ದೇ ಇರುತ್ತದೆ, ತಿನ್ನುವಾಗ ಕಲಸಿಕೊಳ್ಳಿ. ಈ ಮಾತನ್ನು ಹಿಂದಿನ ದಿನ ಸಂಜೆಯೇ ಹೇಳಿರಬೇಕು. ಮದುವೆಯ ದಿನ ಬೆಳಿಗ್ಗೆ ಭಟ್ರ ಕಿವಿಗೆ ಏನೂ ಹೋಗುವುದಿಲ್ಲ.

ಮನೆಯವರಿಗೆ ಹೇಳುವಾಗ ಯಾವ ಶಬ್ದ ಬಳಸುತ್ತೀರಿ ಎನ್ನುವುದು ಮುಖ್ಯ. ‘ಫಲಾಹಾರ ಸಾಕು’ ಎಂದು ಖಂಡಿತ ಹೇಳಬೇಡಿ. ಹೆಸರಿನಲ್ಲಿ ಹಣ್ಣಿದ್ದರೂ ನಮ್ಮಲ್ಲಿ ಫಲಾಹಾರ ಎಂದರೆ ದೋಸೆ, ಅವಲಕ್ಕಿ, ಸಜ್ಜಿಗೆ. ಪ್ರೀತಿಯಿಂದ ಬಿಸಿಬಿಸಿ ಉಪ್ಪಿಟ್ಟು ಮಾಡಿ ತಂದಿಡುತ್ತಾರೆ, ಆಮೇಲೆ ಬೇಡ ಎನ್ನುವುದು ಇನ್ನೂ ಕಷ್ಟ. ‘ಉಪವಾಸ’ ಎಂದರೂ ಅದೇ ಕಥೆ. ‘ಡಾಕ್ಟ್ರು ಹೇಳಿದ್ದಾರೆ’ ಎಂದು ಸುಳ್ಳು ಹೇಳಿದರೆ ನಿಮಗೇನೋ ದೊಡ್ಡ ಕಾಯಿಲೆ ಎಂಬ ಸುದ್ದಿ ಊಟ ಮುಗಿಯುವ ಮೊದಲೇ ಪೆರ್ಲ ದಾಟಿರುತ್ತದೆ. ನೇರವಾಗಿ ಹೀಗೆ ಹೇಳಿ: ‘ದೊಡ್ಡಮ್ಮ, ಈಗ ಕೆಲವು ಸಮಯ ಬೇಯಿಸಿದ್ದು ಬಿಟ್ಟಿದ್ದೇನೆ. ಹಸಿಯದ್ದು ಏನಿದ್ದರೂ ಆಗುತ್ತದೆ. ಬಾಳೆಹಣ್ಣು, ಸೀಯಾಳ, ಒಗ್ಗರಣೆ ಇಲ್ಲದ ಕೋಸಂಬರಿ ಇದ್ದರೆ ನನಗೆ ಹೊಟ್ಟೆ ತುಂಬ ಊಟ. ಎಲ್ಲರ ಜೊತೆ ಪಂಕ್ತಿಯಲ್ಲೇ ಕೂರುತ್ತೇನೆ.’ ಕೊನೆಯ ವಾಕ್ಯವನ್ನು ಬಿಡಬೇಡಿ. ನೀವು ಊಟಕ್ಕೇ ಕೂರದೆ ಹೋಗುತ್ತೀರೋ ಎಂಬುದೇ ಅವರ ಚಿಂತೆ. ಏನು ತಿನ್ನುತ್ತೀರಿ ಎಂಬುದು ಆಮೇಲಿನ ಮಾತು.

ಪಂಕ್ತಿಯಲ್ಲಿ ಒಂದು ಸೂಕ್ಷ್ಮವಿದೆ. ಖಾಲಿ ಎಲೆ ಕಂಡರೆ ಬಡಿಸುವವರ ಕೈ ನಿಲ್ಲುವುದಿಲ್ಲ, ಅವರ ಧರ್ಮವೇ ಅದು. ಆದ್ದರಿಂದ ಕೂತ ಕೂಡಲೇ ಎಲೆ ತುಂಬಿದ ಹಾಗೆ ಕಾಣಬೇಕು. ತೆಗೆದಿಡಿಸಿದ ಕೋಸಂಬರಿಯನ್ನು ಅನ್ನ ಬಡಿಸುವ ಜಾಗದಲ್ಲೇ, ಎಲೆಯ ನಡುವೆ, ಹಾಕಿಸಿಕೊಳ್ಳಿ. ಪಕ್ಕದಲ್ಲಿ ಎರಡು ಬಾಳೆಹಣ್ಣು, ಅನನಾಸಿನ ಹೋಳು. ಬೇಡದ್ದಕ್ಕೆ ಸೌಟು ಎಲೆಯ ಮೇಲೆ ಬರುವ ಮೊದಲೇ ಕೈ ಅಡ್ಡ ಹಿಡಿಯಿರಿ. ಬಡಿಸಿಕೊಂಡು ಹಾಗೇ ಬಿಟ್ಟು ಏಳುವುದು ಬೇಡ ಎನ್ನುವುದಕ್ಕಿಂತ ಹೆಚ್ಚು ನೋಯಿಸುತ್ತದೆ. ಹಸಿಯದ್ದನ್ನು ಅಗಿಯಲು ಹೊತ್ತು ಬೇಕು, ಪಂಕ್ತಿ ಅರ್ಧ ಗಂಟೆಯಲ್ಲಿ ಏಳುತ್ತದೆ. ಸಾರು ಬರುವವರೆಗೆ ಕಾಯದೆ ಮೊದಲಿಂದಲೇ ನಿಧಾನ ಅಗಿಯುತ್ತಾ ಹೋದರೆ ಎಲ್ಲರ ಜೊತೆ ಏಳಬಹುದು.

ಪ್ರಸಾದದ ವಿಷಯವನ್ನು ಮನೆಯಿಂದ ಹೊರಡುವ ಮೊದಲೇ ತೀರ್ಮಾನಿಸಿಕೊಳ್ಳಿ. ಕಾಯಿಹೋಳು, ಬಾಳೆಹಣ್ಣು ಹೇಗೂ ಹಸಿಯೇ. ಮಧೂರು ದೇವಸ್ಥಾನದ ಅಪ್ಪದಂಥದ್ದು ಕೈಗೆ ಬಂದರೆ ಕಣ್ಣಿಗೊತ್ತಿಕೊಂಡು ಚಿಟಿಕೆಯಷ್ಟು ತಿನ್ನುವುದೋ ಕಟ್ಟಿಕೊಂಡು ಮನೆಯವರಿಗೆ ಕೊಡುವುದೋ ನಿಮಗೆ ಬಿಟ್ಟದ್ದು. ಒಂದು ಚಿಟಿಕೆಯಿಂದ ದೇಹಕ್ಕೆ ಏನೂ ಆಗುವುದಿಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಇನ್ನು ಹಸಿವೆಯ ಲೆಕ್ಕ. ಹೆಚ್ಚಿನವರು ಸೋಲುವುದು ಇಲ್ಲಿಯೇ. ಎಲೆಯಲ್ಲಿ ಬಡಿಸುವ ಎರಡು ಚಮಚ ಕೋಸಂಬರಿಯಿಂದ ಸಿಗುವುದು 50–60 ಕ್ಯಾಲೊರಿ. ಮುಳ್ಳುಸೌತೆ 100 ಗ್ರಾಮಿಗೆ ಬರೀ 15. ಒಂದು ಸೀಯಾಳದ ನೀರು ಸುಮಾರು 60. ಇಷ್ಟನ್ನೇ ನೆಚ್ಚಿಕೊಂಡರೆ ಮೂರು ಗಂಟೆಗೆ ತಲೆ ತಿರುಗುತ್ತದೆ, ಸಂಜೆ ಚಾಯದ ಜೊತೆ ಬಂದ ಪೋಡಿಗೆ (ಬಜ್ಜಿಗೆ) ಕೈ ಹೋಗುತ್ತದೆ. ಹೊಟ್ಟೆ ನಿಲ್ಲಿಸುವುದು ತೆಂಗಿನಕಾಯಿ, ನೆಲಗಡಲೆ, ಬಾಳೆಹಣ್ಣು. 60 ಗ್ರಾಂ ಕಾಯಿಯಲ್ಲಿ ಸುಮಾರು 210 ಕ್ಯಾಲೊರಿ, 30 ಗ್ರಾಂ ನೆಲಗಡಲೆಯಲ್ಲಿ 170, ಐದು ಕದಳಿ ಹಣ್ಣಿನಲ್ಲಿ 220ರ ಆಸುಪಾಸು. ಒಟ್ಟು 600, ಒಂದು ಊಟಕ್ಕೆ ಸಾಕು. ಇದರಲ್ಲಿ ಅರ್ಧವನ್ನು ಹೊರಡುವ ಮೊದಲೇ ತಿನ್ನಿ, ಉಳಿದರ್ಧ ಚೀಲದಲ್ಲಿರಲಿ.

ಚೀಲದಲ್ಲಿ ಒಯ್ಯುವಾಗ ಆಗುವ ತಪ್ಪು ಒಂದಿದೆ. ಕಾಯಿಯನ್ನು ತುರಿದು ಸ್ಟೀಲ್ ಡಬ್ಬಿಗೆ ತುಂಬಬೇಡಿ. ನಮ್ಮ ಸೆಕೆಗೆ ಮುಚ್ಚಳದ ಒಳಗೆ ಬೆವರಿ, ಮೂರು–ನಾಲ್ಕು ಗಂಟೆಯಲ್ಲಿ ತುರಿ ಲೋಳೆಯಾಗಿ ಹುಳಿವಾಸನೆ ಹೊಡೆಯುತ್ತದೆ. ಕಾಯನ್ನು ಹೋಳಾಗಿಯೇ ಒರೆಸಿ ಬಟ್ಟೆಯಲ್ಲಿ ಸುತ್ತಿ ಒಯ್ಯಿರಿ, ಅಲ್ಲೇ ಚೂರಿಯಿಂದ ಕತ್ತರಿಸಿಕೊಳ್ಳಿ. ನೆನೆಸಿದ ನೆಲಗಡಲೆಯ ನೀರು ಬಸಿದು ಬಟ್ಟೆಯಲ್ಲಿ ಆರಿಸಿ ಡಬ್ಬಿಗೆ ಹಾಕಿ, ಮುಗ್ಗಿದ್ದು, ಕಪ್ಪಾದದ್ದು ಇದ್ದರೆ ನೆನೆಸುವ ಮೊದಲೇ ಆರಿಸಿ ಬಿಸಾಡಿ. ಮೊಳಕೆ ಬರಿಸಿದ ಹೆಸರನ್ನು ದೂರ ಒಯ್ಯಲೇಬೇಡಿ. ಮೊಳಕೆಗೆ ಹಿತವಾದ ಬಿಸಿ–ತೇವವೇ ಬ್ಯಾಕ್ಟೀರಿಯಾಕ್ಕೂ ಹಿತ.

ಹಸಿ ಅಂತ ಕಾಣುತ್ತದೆ, ಆದರೆ ಅಲ್ಲ ಎನ್ನುವ ವಸ್ತುಗಳೂ ಇವೆ. ನೀವು ಪಾಲಿಸುವುದು 42–48 ಡಿಗ್ರಿ ಸೆಲ್ಸಿಯಸ್ ದಾಟಬಾರದು ಎಂಬ ನಿಯಮವಾದರೆ ಅವಲಕ್ಕಿ ಆಗದು, ಭತ್ತವನ್ನು ನೆನೆಸಿ ಹುರಿದೇ ಅದನ್ನು ಕುಟ್ಟುವುದು. ನಮ್ಮ ಜಿಲ್ಲೆಯದ್ದೇ ಗೇರುಬೀಜವೂ ಆಗದು, ಚಿಪ್ಪು ಒಡೆಯಲು ಮೊದಲು ಹುರಿಯುತ್ತಾರೆ ಇಲ್ಲವೇ ಆವಿಯಲ್ಲಿ ಬೇಯಿಸುತ್ತಾರೆ. ಬಿಳಿಯಾಗಿ ಕಂಡ ಮಾತ್ರಕ್ಕೆ ಅದು ಹಸಿಯಲ್ಲ. ಬೆಲ್ಲ ಕುದಿಸಿದ್ದು, ಹಾಗಾಗಿ ಬಂದಕೂಡಲೇ ಕೊಡುವ ಬೆಲ್ಲ–ನೀರಿನಲ್ಲಿ ನಿಮಗೆ ನೀರು ಮಾತ್ರ. ಪುನರ್ಪುಳಿಯ (ಕೋಕಂ) ಒಣಸಿಪ್ಪೆಯನ್ನು ನೆನೆಸಿ ಹಿಂಡಿದ ನೀರು ಆಗುತ್ತದೆ, ಬಾಟಲಿಯ ಸಿರಪ್ಪು ಸಕ್ಕರೆಪಾಕ. ನೀರಿನ ವಿಷಯದಲ್ಲಿ ಮಾತ್ರ ಹಟ ಬೇಡ, ಕುದಿಸಿ ಆರಿಸಿದ್ದನ್ನೇ ಕುಡಿಯಿರಿ.

ಹೋಟೆಲಿಗೆ ಬರೋಣ. ಕಾಸರಗೋಡು ಪೇಟೆಯಲ್ಲಿ ‘ಪಚ್ಚಕ್ಕರಿ’ ಎಂದು ಕೇಳಿದರೆ ನಿಮಗೆ ಹಸಿಯದ್ದು ಸಿಗುವುದಿಲ್ಲ. ಮಲಯಾಳದಲ್ಲಿ ಅದಕ್ಕೆ ತರಕಾರಿ ಎಂದರ್ಥ, ಬರುವುದು ಬೇಯಿಸಿದ ತೋರನ್ ಪಲ್ಯ. ‘ವೇವಿಕ್ಕಾತ್ತದ್’, ಅಂದರೆ ಬೇಯಿಸದ್ದು, ಎನ್ನಿ. ಬಿರಿಯಾನಿ, ‘ಮಂದಿ’ ಎಂಬ ಅರಬ್ ಶೈಲಿಯ ಮಾಂಸದನ್ನ ಸಿಗುವಲ್ಲಿ ಸಲಾಡ್ ಇದ್ದೇ ಇರುತ್ತದೆ, ಆದರೆ ಅದನ್ನು ಬೆಳಿಗ್ಗೆಯೇ ಹೆಚ್ಚಿಟ್ಟಿರುತ್ತಾರೆ. ಇದು ನಿಮ್ಮ ಪಥ್ಯದ ಅತಿ ದೊಡ್ಡ ಅಪಾಯ. ಕುಡಿಯಲು ಪತಿಮುಗಂ ಮರದ ಚಕ್ಕೆ ಹಾಕಿ ಕುದಿಸಿದ ಕೆಂಪು ನೀರು ಕೊಟ್ಟರೂ, ತರಕಾರಿ ತೊಳೆದದ್ದು ಆ ನೀರಿನಲ್ಲಲ್ಲ. ಹಳದಿ ಕಾಮಾಲೆ, ಟೈಫಾಯ್ಡ್ ಬರುವುದು ಇದೇ ದಾರಿಯಲ್ಲಿ. ಅದಕ್ಕೇ ‘ಮುರಿಕ್ಕಾತ್ತ ಕಕ್ಕಿರಿ’, ಅಂದರೆ ಹೆಚ್ಚದ ಮುಳ್ಳುಸೌತೆ, ಒಂದು ಕ್ಯಾರೆಟ್, ಒಂದು ಲಿಂಬೆ, ಒಂದು ಚೂರಿ ತಟ್ಟೆಯಲ್ಲಿ ತರಲು ಹೇಳಿ. ಸಿಪ್ಪೆ ತೆಗೆದು ನೀವೇ ಹೆಚ್ಚಿಕೊಳ್ಳಿ. ಜನ ಕಡಿಮೆ ಇರುವಾಗ, ಅಂದರೆ ಹನ್ನೆರಡೂವರೆಗೆ ಮೊದಲು ಅಥವಾ ಎರಡೂವರೆಯ ನಂತರ, ಯಾರೂ ಇಲ್ಲ ಎನ್ನುವುದಿಲ್ಲ. ಇದಕ್ಕೆ ಬಿಲ್ಲು ಹಾಕಲು ಅವರಿಗೆ ತಿಳಿಯದಿದ್ದರೆ ನೀವೇ ‘ಸಲಾಡಿನ ದರ ಹಾಕಿ’ ಎನ್ನಿ. ಪುಕ್ಕಟೆ ತಿಂದರೆ ಎರಡನೇ ಸಲ ಕೇಳಲು ನಾಲಗೆ ಏಳುವುದಿಲ್ಲ.

ಸಹೋದ್ಯೋಗಿಗಳು ನಿಮ್ಮ ಮಾತು ಕೇಳುವವರಾದರೆ ಹೋಟೆಲಿನ ಬದಲು ಜ್ಯೂಸ್ ಅಂಗಡಿಗೆ ಕರೆಯಿರಿ. ಅವರಿಗೆ ಶಾರ್ಜಾ ಶೇಕ್, ಸ್ಯಾಂಡ್‌ವಿಚ್, ನಿಮಗೆ ಕಲ್ಲಂಗಡಿ ಅಥವಾ ಅನನಾಸು. ಹೇಳಬೇಕಾದ್ದು: ‘ಪಂಚಸಾರ ವೇಂಡ, ಪಾಲ್ ವೇಂಡ, ಐಸ್ ವೇಂಡ, ವೆಳ್ಳವುಂ ವೇಂಡ.’ ಅಂದರೆ ಸಕ್ಕರೆ, ಹಾಲು, ಐಸ್, ನೀರು ಯಾವುದೂ ಬೇಡ. ನಾಲ್ಕನ್ನೂ ಹೇಳಿ. ಸಕ್ಕರೆ ಬೇಡ ಎಂದಷ್ಟೇ ಹೇಳಿದರೆ ಐಸ್ ಬೀಳುತ್ತದೆ, ಆ ಐಸ್ ಯಾವ ನೀರಿನದ್ದೋ. ಹಣ್ಣು ನಿಮ್ಮ ಕಣ್ಣೆದುರು ಕತ್ತರಿಸಿದ್ದಾಗಿರಲಿ. ರಂಜಾನ್ ತಿಂಗಳಲ್ಲಿ ನೋಂಬು ತುರಕ್ಕೆ (ಇಫ್ತಾರ್‌ಗೆ) ಕರೆದರೆ ನಿಶ್ಚಿಂತೆಯಿಂದ ಹೋಗಿ. ಅಲ್ಲಿ ಮೊದಲು ಬರುವುದೇ ಖರ್ಜೂರ, ಹಣ್ಣು. ‘ಸದ್ಯ’ ಎನ್ನುವ ಓಣಂ ಊಟದಲ್ಲಿ ಮಾತ್ರ ಬಾಳೆಹಣ್ಣು ಬಿಟ್ಟರೆ ಹೆಚ್ಚೇನೂ ಸಿಗದು, ತಿಂದೇ ಹೋಗಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಸೊಪ್ಪು ತಿನ್ನಲೇಬೇಡಿ ಎಂದೇ ನಾನು ಹೇಳುವುದು. ಮಳೆಗಾಲದಲ್ಲಿ ಬಸವನಹುಳು ಎಲೆಯ ಅಡಿಯಲ್ಲಿ ಅಂಟಿರುತ್ತದೆ, ಅದರಿಂದ ಬರುವ ಪರೋಪಜೀವಿ ಮೆದುಳಿಗೇ ತೊಂದರೆ ಮಾಡಬಲ್ಲದು. ಮನೆಯಲ್ಲೂ ಎಲೆಎಲೆಯಾಗಿ ಬಿಡಿಸಿ ಹರಿಯುವ ನೀರಿನಲ್ಲಿ ತಿಕ್ಕಿ ತೊಳೆಯಬೇಕು. ಉಪ್ಪುನೀರಿನಲ್ಲಿ ಅದ್ದಿಟ್ಟರೆ ಹುಳ ಬಿಡುತ್ತದೆ, ರೋಗಾಣು ಸಾಯುವುದಿಲ್ಲ. ಮರದಡಿ ಬಿದ್ದ, ಬಾವಲಿ ಕಚ್ಚಿದ ಪೇರಳೆ, ಮಾವು ಮುಟ್ಟಬೇಡಿ. 2018ರಲ್ಲಿ ಕೋಝಿಕ್ಕೋಡಿನಲ್ಲಿ ನಿಪಾ ಬಂದ ಮೇಲೆ ಇದು ಎಲ್ಲರಿಗೂ ಗೊತ್ತಿರಬೇಕಾದ ಮಾತು. ಯಾರಾದರೂ ಅಕ್ಕರೆಯಿಂದ ‘ಇದೂ ಹಸಿಯೇ ಅಲ್ವಾ’ ಎಂದು ಮರಗೆಣಸು, ಕೆಸು, ಸುವರ್ಣಗೆಡ್ಡೆ, ಕಳಲೆ (ಎಳೆ ಬಿದಿರು) ತಂದರೆ ಬೇಡ ಎನ್ನಿ. ಮರಗೆಣಸು, ಕಳಲೆಗಳಲ್ಲಿ ಸಯನೈಡ್ ಬಿಡುವ ಅಂಶವಿದೆ, ಕೆಸು, ಸುವರ್ಣಗೆಡ್ಡೆ ಗಂಟಲು ತುರಿಸುತ್ತವೆ. ರಾಜ್ಮಾ ಮೊಳಕೆಯೂ ಹಸಿಯಾಗಿ ವಿಷವೇ.

ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು, ಕಿಡ್ನಿ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರಲ್ಲಿ ಕೇಳದೆ ಈ ಪಥ್ಯಕ್ಕೆ ಇಳಿಯಬಾರದು. ಕಿಡ್ನಿಯವರಿಗೆ ಸೀಯಾಳ, ಬಾಳೆಹಣ್ಣಿನ ಪೊಟ್ಯಾಸಿಯಂ ಅಪಾಯ. ಹಾಲು ಮೊಸರನ್ನೂ ಬಿಟ್ಟಿದ್ದರೆ ಬಿ12 ಮಾತ್ರೆ ಬೇಕೇ ಬೇಕು, ಸೊಪ್ಪು–ಹಣ್ಣಿನಿಂದ ಅದು ಬರುವುದಿಲ್ಲ.

ಇಷ್ಟೆಲ್ಲ ಮನೆಗಳಲ್ಲಿ ಉಂಡ ಮೇಲೆ ಅವರನ್ನೂ ನಿಮ್ಮ ಮನೆಗೆ ಕರೆಯಿರಿ. ಆರು ಮಂದಿಗೆ ಕಾಟುಮಾವಿನ (ಕಾಡುಮಾವಿನ ಹಣ್ಣಿನ) ಸಾಸಮೆ, ಅಂದರೆ ಕಾಯಿ–ಸಾಸಿವೆ ಅರೆದು ಹಾಕುವ ಹಸಿ ಮೇಲೋಗರ, ಮಾಡುವುದಾದರೆ ಹತ್ತು–ಹನ್ನೆರಡು ಹಣ್ಣು, ಒಂದು ತೆಂಗಿನಕಾಯಿ, ನಾಲ್ಕು ಗಾಂಧಾರಿ ಮೆಣಸು (ಸೂಜಿಮೆಣಸು), ಒಂದು ಚಮಚ ಹಸಿ ಸಾಸಿವೆ. ಹಣ್ಣು ಕಿವುಚಿ ಗೊರಟು ಸಮೇತ ಪಾತ್ರೆಗೆ ಹಾಕಿ. ಸಿಪ್ಪೆ ತೊಳೆದ ನೀರಿನಲ್ಲಿ ಕಾಯಿ, ಮೆಣಸು ನುಣ್ಣಗೆ ಅರೆಯಿರಿ. ಸಾಸಿವೆಯನ್ನು ಕೊನೆಗೆ ಹಾಕಿ ನಾಲ್ಕು ಸುತ್ತು ಮಾತ್ರ ತಿರುಗಿಸಿ, ಹೆಚ್ಚು ಅರೆದರೆ ಕಹಿ. ಬೆಲ್ಲದ ಬದಲು ಕಳಿತ ಕದಳಿ ಎರಡು ಹಿಸುಕಿ ಸೇರಿಸಿದರೆ ಸಿಹಿ ಸಾಕಾಗುತ್ತದೆ. ಕುದಿಸದ ಕಾಯಿ ಬೇಗ ಹುಳಿಯಾಗುವುದರಿಂದ ಒಂದು ಗಂಟೆಯ ಒಳಗೆ ಬಡಿಸಿಬಿಡಿ. ನೆಂಟರಿಗೆ ಪಕ್ಕದಲ್ಲಿ ಬಿಸಿ ಅನ್ನ ಮಾಡಿಡಲು ಮರೆಯಬೇಡಿ.